ದಿಗ್ಬಂಧನದ ಹಡಗುಗಳಿಗೆ ಟಪಾಲು ಹೋಗುತ್ತಿದ್ದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು (ಅಮೆರಿಕದ ಅಂತರ್ಯುದ್ಧ, 1861–1865)

ಅಂಚೆಯ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತು ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಸರಳವಾದವುಗಳಿಂದ ಆರಂಭಿಸಿ ಕ್ರಮೇಣ ಕಾನೂನು ಮತ್ತು ಸಂಗ್ರಹದ ಸೂಕ್ಷ್ಮಗಳ ಕಡೆಗೆ ಸಾಗಲಾಗಿದೆ. ಒಂದು ಕಾಗದ ಹಡಗು ಮುಟ್ಟಿದ ದಾರಿಯನ್ನು ಹೆಜ್ಜೆ ಹೆಜ್ಜೆಗೆ ಹಿಂಬಾಲಿಸಿದರೆ, ಆ ನಾಲ್ಕು ವರ್ಷಗಳ ದಿಗ್ಬಂಧನವನ್ನು ಹಿಡಿದು ನಿಲ್ಲಿಸಿದ್ದ ಇಡೀ ಏರ್ಪಾಡು ಕಣ್ಣಿಗೆ ಕಾಣುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

## ಮೊದಲ ಪರಿಚಯ

ಇದು ಯಾವ ದಿಗ್ಬಂಧನ? ಯಾರು ಯಾರನ್ನು ಮುತ್ತಿದ್ದರು?

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಮೆರಿಕದ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ತಮ್ಮದೇ ಸರ್ಕಾರ ಕಟ್ಟಿಕೊಂಡಾಗ, ಅಧ್ಯಕ್ಷ ಅಬ್ರಹಾಂ ಲಿಂಕನ್ 1861ರ ಏಪ್ರಿಲ್ 19ರಂದು ಆ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಘೋಷಿಸಿದರು. ಏಪ್ರಿಲ್ 27ರಂದು ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳನ್ನೂ ಅದಕ್ಕೆ ಸೇರಿಸಲಾಯಿತು. ಚೆಸಾಪೀಕ್ ಕೊಲ್ಲಿಯಿಂದ ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ನದಿಯವರೆಗೆ ಸುಮಾರು 3,500 ಮೈಲಿ ಉದ್ದದ ಕರಾವಳಿಯನ್ನು ಒಕ್ಕೂಟದ ನೌಕಾಪಡೆ ಕಾಯಬೇಕಾಗಿತ್ತು. ಯುದ್ಧ ಆರಂಭವಾದಾಗ ಆ ಪಡೆಯಲ್ಲಿ ಕೆಲಸಕ್ಕೆ ಸಿದ್ಧವಾಗಿದ್ದ ಹಡಗುಗಳು 42 ಮಾತ್ರ. ಯುದ್ಧ ಮುಗಿಯುವ ಹೊತ್ತಿಗೆ ಹಡಗುಗಳ ಸಂಖ್ಯೆ 670ರ ಆಸುಪಾಸಿಗೂ, ನೌಕಾಪಡೆಯ ಸಿಬ್ಬಂದಿಯ ಸಂಖ್ಯೆ 50,000ದ ಆಚೆಗೂ ಹೋಗಿತ್ತು. ಇವರಲ್ಲಿ ಬಹಳಷ್ಟು ಜನ ತಿಂಗಳುಗಟ್ಟಲೆ ನೆಲ ತುಳಿಯದೆ, ಶತ್ರುವಿನ ದಡವನ್ನು ದೂರದಿಂದ ನೋಡುತ್ತ ದಿನ ಕಳೆದವರು.

ಯುದ್ಧದ ಮಧ್ಯೆ ಟಪಾಲಿಗೆ ಇಷ್ಟು ಮಹತ್ವ ಯಾಕೆ?

ದಿಗ್ಬಂಧನದ ಹಡಗಿನಲ್ಲಿ ಕಾಳಗ ಅಪರೂಪ, ಕಾಯುವುದೇ ನಿತ್ಯದ ಕೆಲಸ. ಹಗಲಿನಲ್ಲಿ ಲಂಗರು ಹಾಕಿ ಕೂರುವುದು, ಕತ್ತಲಾದ ಮೇಲೆ ದೀಪವನ್ನೆಲ್ಲ ಆರಿಸಿ ಅಳಿವೆಯ ಬಾಯಿಗೆ ಹತ್ತಿರ ಸರಿಯುವುದು, ನಸುಕಿನಲ್ಲಿ ಹಿಂದಕ್ಕೆ ಬರುವುದು: ಇದೇ ದಿನಚರಿ ವಾರಗಟ್ಟಲೆ ನಡೆಯುತ್ತಿತ್ತು. ನೌಕಾ ಇತಿಹಾಸಕಾರನಾಗಿ ಮುಂದೆ ಜಗತ್ಪ್ರಸಿದ್ಧನಾದ ಆಲ್ಫ್ರೆಡ್ ಥೇಯರ್ ಮಹಾನ್ ತರುಣ ಅಧಿಕಾರಿಯಾಗಿ ಟೆಕ್ಸಾಸ್ ತೀರದಲ್ಲಿ ಇಂಥ ಕಾವಲು ಕಾದವನು. ಆ ದಿನಗಳ ಬೇಸರವನ್ನು ತನ್ನ ನೆನಪುಗಳಲ್ಲಿ ಮರೆಯದೆ ದಾಖಲಿಸಿದ್ದಾನೆ. ಇಂಥ ಬದುಕಿನಲ್ಲಿ ಮನೆಯ ಸುದ್ದಿ, ಹೊಸ ಮುಖ, ತಾಜಾ ತರಕಾರಿ ಎಲ್ಲವೂ ಒಂದೇ ಹಡಗಿನಲ್ಲಿ, ಒಂದೇ ದಿನ ಬರುತ್ತಿದ್ದವು. ಆದ್ದರಿಂದ ಟಪಾಲು ಬಂದ ದಿನವೇ ನಾವಿಕರ ದಿನಚರಿ ಪುಸ್ತಕಗಳಲ್ಲಿ ಕಾಲ ಅಳೆಯುವ ಗುರುತಾಗಿ ನಿಂತಿದೆ.

ಹಡಗಿನಲ್ಲೇ ಪೋಸ್ಟ್ ಆಫೀಸ್ ಇರುತ್ತಿತ್ತೇ?

ಇರಲಿಲ್ಲ. ಅಮೆರಿಕದ ಯುದ್ಧನೌಕೆಗಳಲ್ಲಿ ಅಧಿಕೃತ ಅಂಚೆ ಕಚೇರಿ ತೆರೆಯಲು ಕಾನೂನು ಅವಕಾಶ ಕೊಟ್ಟದ್ದು 1908ರಲ್ಲಿ. ಅಂತರ್ಯುದ್ಧದ ಕಾಲದಲ್ಲಿ ಹಡಗಿನ ಟಪಾಲು ಚೀಲ ಅಧಿಕಾರಿಗಳ ಜವಾಬ್ದಾರಿಯಲ್ಲಿತ್ತು, ಮತ್ತು ನಾವಿಕನು ಬರೆದ ಕಾಗದ ನೆಲದ ಮೇಲಿನ ಯಾವುದಾದರೂ ಅಂಚೆ ಕಚೇರಿಗೆ ಸೇರಿದ ಮೇಲಷ್ಟೇ ಅದಕ್ಕೆ ಮುದ್ರೆ ಬೀಳುತ್ತಿತ್ತು.

## ಕಾಗದ ಹಿಡಿಯುತ್ತಿದ್ದ ದಾರಿ

ಮನೆಯವರು ವಿಳಾಸ ಹೇಗೆ ಬರೆಯುತ್ತಿದ್ದರು? ಹಡಗು ಒಂದೇ ಕಡೆ ನಿಲ್ಲುವುದಿಲ್ಲವಲ್ಲ.

ನಾವಿಕನ ಹೆಸರು, ಹಡಗಿನ ಹೆಸರು, ಅದು ಸೇರಿದ ದಿಗ್ಬಂಧನ ದಳ, ಮತ್ತು ಕಾಗದ ಹಾದುಹೋಗಬೇಕಾದ ಬಂದರು: ಈ ನಾಲ್ಕು ಇದ್ದರೆ ಸಾಕಾಗುತ್ತಿತ್ತು. ಅಟ್ಲಾಂಟಿಕ್ ದಳವನ್ನು 1861ರ ಶರತ್ಕಾಲದಲ್ಲಿ ಉತ್ತರ ಮತ್ತು ದಕ್ಷಿಣ ಎಂದೂ, ಮೆಕ್ಸಿಕೊ ಕೊಲ್ಲಿಯ ದಳವನ್ನು 1862ರ ಆರಂಭದಲ್ಲಿ ಪೂರ್ವ ಮತ್ತು ಪಶ್ಚಿಮ ಎಂದೂ ವಿಭಜಿಸಿದ ಮೇಲೆ, ದಳದ ಹೆಸರೇ ವಿಳಾಸದ ಜೀವಾಳವಾಯಿತು. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ ಬಂದರಿನ ಮುಂದಿನ ಹಡಗಿಗೆ ಬರೆದ ಕಾಗದವನ್ನು ವರ್ಜೀನಿಯಾದ ಹ್ಯಾಂಪ್ಟನ್ ರೋಡ್ಸ್ ಲಂಗರುದಾಣ ಅಥವಾ ಅಲ್ಲಿನ ಫೋರ್ಟ್ರೆಸ್ ಮನ್ರೊ ಕೋಟೆಯ ಮೂಲಕ, ಚಾರ್ಲ್ಸ್‌ಟನ್ ಮುಂದಿನ ಹಡಗಿಗೆ ಬರೆದದ್ದನ್ನು ಪೋರ್ಟ್ ರಾಯಲ್ ಮೂಲಕ ಕಳುಹಿಸುವುದು ರೂಢಿಯಾಗಿತ್ತು. ಹಡಗು ದುರಸ್ತಿಗೆಂದು ಉತ್ತರಕ್ಕೆ ಹೋದರೆ ಅಥವಾ ಇನ್ನೊಂದು ದಳಕ್ಕೆ ವರ್ಗವಾದರೆ ಕಾಗದ ಅದರ ಬೆನ್ನು ಹತ್ತಬೇಕಾಗುತ್ತಿತ್ತು. ಹೀಗೆ ಮೂರು-ನಾಲ್ಕು ಕಾಗದಗಳು ಒಟ್ಟಿಗೆ ಕೈಸೇರುವುದು, ನಂತರ ಬರೆದದ್ದು ಮೊದಲೇ ಬಂದು ತಲುಪುವುದು ಸಾಮಾನ್ಯವಾಗಿದ್ದುದರಿಂದ, ಎಷ್ಟೋ ದಂಪತಿಗಳು ತಮ್ಮ ಕಾಗದಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದರು.

ಕಾಗದ ಹಡಗನ್ನು ಮುಟ್ಟುತ್ತಿದ್ದುದು ಯಾವ ವಾಹನದಲ್ಲಿ?

ಇದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಟಪಾಲಿಗೆಂದೇ ಮೀಸಲಾದ ವ್ಯವಸ್ಥೆ ಇರಲಿಲ್ಲ. ಬೇರೆ ಬೇರೆ ಕೆಲಸಕ್ಕೆ ಓಡಾಡುವ ಹಡಗುಗಳು ಟಪಾಲನ್ನೂ ಹೊತ್ತು ಸಾಗುತ್ತಿದ್ದವು.

ಇವುಗಳಲ್ಲಿ ಮುಖ್ಯವಾದವು ಸರಬರಾಜು ಉಗಿಹಡಗುಗಳು. ಯುದ್ಧದ ಮೊದಲ ಬೇಸಿಗೆಯಲ್ಲೇ ನೌಕಾ ಇಲಾಖೆ ರೋಡ್ ಐಲೆಂಡ್ ಮತ್ತು ಕನೆಕ್ಟಿಕಟ್ ಎಂಬ ದೊಡ್ಡ ಉಗಿಹಡಗುಗಳನ್ನು ಕೊಂಡು ಈ ಕೆಲಸಕ್ಕೆ ಹಚ್ಚಿತು. 1861ರ ಜುಲೈ ಕೊನೆಯಲ್ಲಿ ಸೇವೆಗೆ ಸೇರಿದ ರೋಡ್ ಐಲೆಂಡ್, ಕಮಾಂಡರ್ ಸ್ಟೀಫನ್ ಟ್ರೆಂಚರ್ಡ್ ಅವರ ನೇತೃತ್ವದಲ್ಲಿ ಟಪಾಲು, ಔಷಧಿ, ವೇತನಾಧಿಕಾರಿಗಳ ಸಾಮಗ್ರಿ ಮತ್ತು ಮಂಜುಗಡ್ಡೆಯಲ್ಲಿಟ್ಟ ಮಾಂಸವನ್ನು ತುಂಬಿಕೊಂಡು ಹೊರಟು, ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಕಾವಲು ಹಡಗಿನ ಬಳಿ ನಿಲ್ಲುತ್ತ ಮೆಕ್ಸಿಕೊ ಕೊಲ್ಲಿಯವರೆಗೆ ಸಾಗುತ್ತಿತ್ತು. ಬರ್ಮುಡಾ ಎಂಬ ಇನ್ನೊಂದು ಸರಬರಾಜು ಹಡಗಿನ ಹಿನ್ನೆಲೆ ಕುತೂಹಲಕರವಾಗಿದೆ: ಇಂಗ್ಲೆಂಡಿನಲ್ಲಿ ಕಟ್ಟಿದ ಆ ಹಡಗು ದಕ್ಷಿಣದವರಿಗೆ ಆಯುಧ ಸಾಗಿಸಿ, 1862ರ ಏಪ್ರಿಲ್‌ನಲ್ಲಿ ಸೆರೆಸಿಕ್ಕು, ಆಮೇಲೆ ಫಿಲಡೆಲ್ಫಿಯಾದಿಂದ ಕೊಲ್ಲಿಯ ದಳಗಳಿಗೆ ಟಪಾಲು ಮತ್ತು ದಿನಸಿ ಒಯ್ಯುವ ಕೆಲಸದಲ್ಲಿ ಯುದ್ಧ ಮುಗಿಯುವವರೆಗೆ ದುಡಿಯಿತು.

ಇವಲ್ಲದೆ ಸೇನೆ ಬಾಡಿಗೆಗೆ ಹಿಡಿದಿದ್ದ ಅರಾಗೊ, ಫುಲ್ಟನ್ ಮುಂತಾದ ಉಗಿಹಡಗುಗಳು ನ್ಯೂಯಾರ್ಕ್ ಮತ್ತು ಪೋರ್ಟ್ ರಾಯಲ್ ನಡುವೆ ಓಡಾಡುತ್ತಿದ್ದವು. ಬಾಲ್ಟಿಮೋರ್‌ನಿಂದ ಫೋರ್ಟ್ರೆಸ್ ಮನ್ರೊಗೆ ಟಪಾಲು ದೋಣಿಯ ಸೌಕರ್ಯವಿತ್ತು. ಕಲ್ಲಿದ್ದಲಿನ ಹಾಯಿಹಡಗು, ದುರಸ್ತಿ ಮುಗಿಸಿ ಮರಳುವ ಯುದ್ಧನೌಕೆ, ದಳಪತಿಯ ಆಜ್ಞಾಪತ್ರ ಒಯ್ಯುವ ಸಣ್ಣ ದೋಣಿ ಎಲ್ಲವೂ ಚೀಲ ಹೊರುತ್ತಿದ್ದವು.

ಸಮುದ್ರದ ನಡುವೆ ಚೀಲವನ್ನು ಒಂದು ಹಡಗಿನಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದುದು ಹೇಗೆ?

ಸರಬರಾಜು ಹಡಗು ಕಾಣಿಸಿಕೊಂಡು ಬಾವುಟದ ಸಂಕೇತದಿಂದ ತನ್ನ ಗುರುತು ತಿಳಿಸಿದ ಮೇಲೆ, ಕಾವಲು ಹಡಗು ಒಂದು ಹುಟ್ಟುದೋಣಿಯನ್ನು ಇಳಿಸುತ್ತಿತ್ತು. ದೋಣಿಯವರು ಹೋಗಿ ಸರ್ಕಾರಿ ಲಕೋಟೆಗಳನ್ನೂ ಟಪಾಲು ಚೀಲವನ್ನೂ ಪಡೆದು, ತಮ್ಮ ಹಡಗಿನ ಕಾಗದಗಳನ್ನು ಒಪ್ಪಿಸಿ, ಮಾಂಸ ಮತ್ತು ಆಲೂಗಡ್ಡೆಯ ಪಾಲಿನೊಂದಿಗೆ ಹಿಂದಿರುಗುತ್ತಿದ್ದರು. ಕಾಯಿಲೆಯವರು, ಸೇವಾವಧಿ ಮುಗಿದವರು, ಸೆರೆಸಿಕ್ಕವರು ಅದೇ ದೋಣಿಯಲ್ಲಿ ಹೋಗಿ ಸರಬರಾಜು ಹಡಗು ಹತ್ತುತ್ತಿದ್ದರು. ತೆರೆದ ಸಮುದ್ರದ ಅಲೆಯಲ್ಲಿ ಇದು ಸುಲಭದ ಕೆಲಸವಲ್ಲ. ಗಾಳಿ ಎದ್ದಾಗ ಹಡಗು ಕಣ್ಣೆದುರಿಗಿದ್ದರೂ ಚೀಲಕ್ಕಾಗಿ ಸಮುದ್ರ ಶಾಂತವಾಗುವವರೆಗೆ ಕಾಯಬೇಕಾಗುತ್ತಿತ್ತು. ಇದಕ್ಕಿಂತ ದೊಡ್ಡ ಸಂಕಟ ಸಮಯದ್ದು. ಸರಬರಾಜು ಹಡಗು ಮುಂದಿನ ಕಾವಲಿಗೆ ಹೊರಡುವ ಅವಸರದಲ್ಲಿರುತ್ತಿದ್ದುದರಿಂದ, ಬಂದ ಕಾಗದವನ್ನು ಓದಿ ಅದಕ್ಕೆ ಉತ್ತರ ಬರೆದು ಅದೇ ಹಡಗಿನಲ್ಲಿ ಕಳುಹಿಸುವಷ್ಟು ಬಿಡುವು ನಾವಿಕರಿಗೆ ಸಿಗುತ್ತಿರಲಿಲ್ಲ.

ಒಂದು ಕಾಗದ ತಲುಪಲು ಎಷ್ಟು ದಿನ ಬೇಕಾಗುತ್ತಿತ್ತು?

ಅದು ಹಡಗು ಎಲ್ಲಿದೆ ಎಂಬುದನ್ನು ಅವಲಂಬಿಸಿತ್ತು, ಮತ್ತು ಈ ಅಂತರ ನಾವು ಊಹಿಸುವುದಕ್ಕಿಂತ ದೊಡ್ಡದು. ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಲಂಗರು ಹಾಕಿದ ಹಡಗಿಗೆ ಉತ್ತರದ ನಗರಗಳ ಕಾಗದ ಕೆಲವೇ ದಿನಗಳಲ್ಲಿ ಸಿಗುತ್ತಿತ್ತು. ನ್ಯೂಯಾರ್ಕಿನಿಂದ ಪೋರ್ಟ್ ರಾಯಲ್‌ಗೆ ಉಗಿಹಡಗಿನ ಪ್ರಯಾಣ ಮೂರು-ನಾಲ್ಕು ದಿನದ್ದಾದರೂ ಹಡಗು ಹೊರಡುವ ದಿನಕ್ಕಾಗಿ ಕಾಯಬೇಕಾಗಿತ್ತು, ಅಲ್ಲಿಂದ ಚಾರ್ಲ್ಸ್‌ಟನ್ ಮುಂದಿನ ಹಡಗುಗಳಿಗೆ ಮತ್ತೊಂದು ಸಣ್ಣ ಪಯಣವಿತ್ತು. ಟೆಕ್ಸಾಸಿನ ಗ್ಯಾಲ್ವೆಸ್ಟನ್ ನ್ಯೂಯಾರ್ಕಿನಿಂದ ಸಮುದ್ರದ ದಾರಿಯಲ್ಲಿ ಸುಮಾರು 1,900 ನಾಟಿಕಲ್ ಮೈಲಿ. ಅಲ್ಲಿಗೆ ಹೊರಟ ಸರಬರಾಜು ಹಡಗು ದಾರಿಯುದ್ದಕ್ಕೂ ನಿಲ್ಲುತ್ತ ಹೋಗುತ್ತಿದ್ದುದರಿಂದ, ಒಂದು ಪ್ರಶ್ನೆ ಕೇಳಿ ಅದಕ್ಕೆ ಉತ್ತರ ಪಡೆಯುವಷ್ಟರಲ್ಲಿ ತಿಂಗಳುಗಳೇ ಕಳೆದುಹೋಗುತ್ತಿದ್ದವು. ಮಗುವಿಗೆ ಜ್ವರ ಎಂದು ಹೆಂಡತಿ ಬರೆದದ್ದನ್ನು ಓದುವ ಹೊತ್ತಿಗೆ ಆ ಜ್ವರದ ಕಥೆ ಯಾವ ಕಡೆಗಾದರೂ ಮುಗಿದಿರುತ್ತಿತ್ತು. ಇದನ್ನು ತಿಳಿದೇ ಅವರು ಓದುತ್ತಿದ್ದರು, ತಿಳಿದೇ ಬರೆಯುತ್ತಿದ್ದರು.

ಬಂದರುಗಳನ್ನು ಹಿಡಿದುಕೊಂಡದ್ದಕ್ಕೂ ಟಪಾಲಿಗೂ ಸಂಬಂಧವಿದೆಯೇ?

ಖಂಡಿತ ಇದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳೇ ಇದು. ಉಗಿಹಡಗಿಗೆ ಕಲ್ಲಿದ್ದಲು ಬೇಕು. ಹತ್ತಿರದಲ್ಲಿ ನೆಲೆಯಿಲ್ಲದಿದ್ದರೆ ಕಾವಲಿನ ಬಹುಪಾಲು ಸಮಯ ಕಲ್ಲಿದ್ದಲು ತರಲು ಹೋಗಿ ಬರುವುದರಲ್ಲೇ ಕಳೆದುಹೋಗುತ್ತದೆ. ಆದ್ದರಿಂದ 1861ರ ನವೆಂಬರ್ 7ರಂದು ಸ್ಯಾಮ್ಯುಯೆಲ್ ಡು ಪಾಂಟ್ ಅವರ ದಳ ದಕ್ಷಿಣ ಕೆರೊಲಿನಾದ ಪೋರ್ಟ್ ರಾಯಲ್ ಕೊಲ್ಲಿಯನ್ನು ಗೆದ್ದುಕೊಂಡಿತು. ಮಿಸಿಸಿಪಿ ತೀರದ ಷಿಪ್ ಐಲೆಂಡ್, ಉತ್ತರ ಕೆರೊಲಿನಾದ ಬೋಫರ್ಟ್, ಪೆನ್ಸಕೋಲಾ, ನ್ಯೂ ಆರ್ಲಿಯನ್ಸ್ ಮುಂತಾದ ನೆಲೆಗಳು ಒಂದೊಂದಾಗಿ ಕೈಸೇರಿದವು. ಫ್ಲಾರಿಡಾದ ಕೀ ವೆಸ್ಟ್ ಮೊದಲಿನಿಂದ ಕೊನೆಯವರೆಗೂ ಒಕ್ಕೂಟದ ಕೈಯಲ್ಲೇ ಇತ್ತು. ನೆಲೆ ಎಲ್ಲಿ ಬಂತೋ ಅಲ್ಲಿ ಅಂಚೆ ಕಚೇರಿಯೂ ಬಂತು. ಪೋರ್ಟ್ ರಾಯಲ್‌ನ ಮುದ್ರೆ 1862ರಿಂದ ಸಾವಿರಾರು ಲಕೋಟೆಗಳ ಮೇಲೆ ಕಾಣಿಸಿಕೊಂಡಿತು.

ವಿಲ್ಮಿಂಗ್ಟನ್‌ನ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೇಪ್ ಫಿಯರ್ ನದಿಗೆ ಎರಡು ಅಳಿವೆಗಳಿದ್ದವು. ಅವುಗಳ ನಡುವಿನ ನೇರ ಅಂತರ ಕೆಲವೇ ಮೈಲಿಯಾದರೂ, ದ್ವೀಪವನ್ನೂ ಸಮುದ್ರದೊಳಕ್ಕೆ ಚಾಚಿಕೊಂಡ ಫ್ರೈಯಿಂಗ್ ಪ್ಯಾನ್ ಮರಳುದಿಬ್ಬಗಳನ್ನೂ ಸುತ್ತಿ ಬರುವ ಹಡಗಿಗೆ ಅದು ಸುಮಾರು 40 ಮೈಲಿಯ ದಾರಿ. ಹೀಗಾಗಿ ಕಾವಲು ಹಡಗುಗಳು ಎರಡು ಗುಂಪುಗಳಾಗಿ ಬೇರೆಯಾದವು. ಎರಡೂ ಗುಂಪುಗಳಿಗೆ ಕಲ್ಲಿದ್ದಲು ಸಿಗುತ್ತಿದ್ದುದು ಬೋಫರ್ಟ್‌ನಲ್ಲಿ. ಸರದಿಯ ಪ್ರಕಾರ ಅಲ್ಲಿಗೆ ಹೋದ ಹಡಗು ತನ್ನ ಒಡಲು ತುಂಬಿಸಿಕೊಂಡು ಮರಳುವಾಗ ಇಡೀ ಗುಂಪಿನ ಟಪಾಲನ್ನೂ ತರುತ್ತಿತ್ತು. ಒಬ್ಬ ನಾವಿಕನ ಕಾಗದಗಳ ಮೇಲಿನ ತಾರೀಖುಗಳನ್ನು ಜೋಡಿಸಿ ನೋಡಿದರೆ ಆ ಹಡಗುಗಳ ಕಲ್ಲಿದ್ದಲಿನ ಸರದಿ ತಾನಾಗಿ ಹೊರಬೀಳುತ್ತದೆ.

ದಾರಿಯಲ್ಲಿ ಟಪಾಲು ಕಳೆದುಹೋದದ್ದುಂಟೇ?

ಉಂಟು. ಹ್ಯಾಟರಾಸ್ ಭೂಶಿರದ ಬಿರುಗಾಳಿ ಎಲ್ಲ ಹಡಗುಗಳಿಗೂ ಭಯದ ಜಾಗವಾಗಿತ್ತು. ಮಾನಿಟರ್ ಎಂಬ ಪ್ರಸಿದ್ಧ ಕಬ್ಬಿಣದ ಕವಚದ ಹಡಗು 1862ರ ಡಿಸೆಂಬರ್ 31ರ ಮುಂಜಾವಿನಲ್ಲಿ ಮುಳುಗಿದ್ದು ಅಲ್ಲೇ, ಅದನ್ನು ಎಳೆದೊಯ್ಯುತ್ತಿದ್ದದ್ದು ಮೇಲೆ ಹೇಳಿದ ರೋಡ್ ಐಲೆಂಡ್ ಹಡಗೇ. ಶತ್ರುವಿನ ಕೈಯಿಂದಲೂ ನಷ್ಟವಾಗುತ್ತಿತ್ತು. 1864ರ ಜುಲೈ 10ರಂದು ನ್ಯೂಯಾರ್ಕಿನಿಂದ ನ್ಯೂ ಆರ್ಲಿಯನ್ಸ್‌ಗೆ ಟಪಾಲು ಒಯ್ಯುತ್ತಿದ್ದ ಎಲೆಕ್ಟ್ರಿಕ್ ಸ್ಪಾರ್ಕ್ ಎಂಬ ಉಗಿಹಡಗನ್ನು ದಕ್ಷಿಣದ ಫ್ಲಾರಿಡಾ ಎಂಬ ದಾಳಿಹಡಗು ಹಿಡಿದು ಮುಳುಗಿಸಿತು. ಪಶ್ಚಿಮ ಕೊಲ್ಲಿಯ ದಳಕ್ಕೆ ನ್ಯೂ ಆರ್ಲಿಯನ್ಸ್ ಟಪಾಲಿನ ಹೆಬ್ಬಾಗಿಲಾಗಿತ್ತು ಎಂಬುದನ್ನು ನೆನೆದರೆ ಆ ಒಂದು ಸೆರೆ ಎಷ್ಟು ಮನೆಗಳನ್ನು ತಟ್ಟಿರಬಹುದೆಂದು ತಿಳಿಯುತ್ತದೆ.

## ದರ, ಚೀಟಿ, ಮುದ್ರೆ

ನಾವಿಕರಿಗೆ ಅಂಚೆ ಉಚಿತವಾಗಿತ್ತೇ?

ಉಚಿತವಾಗಿರಲಿಲ್ಲ; ಮುಂಗಡ ಕೊಡಬೇಕಾಗಿರಲಿಲ್ಲ ಅಷ್ಟೆ. ಅರ್ಧ ಔನ್ಸ್ ತೂಕದ ಸಾಮಾನ್ಯ ಕಾಗದಕ್ಕೆ 3 ಸೆಂಟ್ ದರವಿತ್ತು. ಅಂಚೆಚೀಟಿ ಸಿಗದ ಜಾಗಗಳಲ್ಲಿದ್ದ ಸೈನಿಕರು ಚೀಟಿ ಹಚ್ಚದೆ ಕಳುಹಿಸಲು 1861ರ ಜುಲೈ 22ರ ಕಾನೂನು ಅವಕಾಶ ಮಾಡಿತು, 1862ರ ಜನವರಿ 21ರ ಕಾನೂನು ಅದನ್ನು ನಾವಿಕರಿಗೂ ನೌಕಾಸೈನಿಕರಿಗೂ ವಿಸ್ತರಿಸಿತು. ಲಕೋಟೆಯ ಮೇಲೆ ಇದು ನೌಕಾಪಡೆಯ ಕಾಗದ ಎಂದು ಬರೆದು, ಹಡಗಿನ ಹೆಸರು ನಮೂದಿಸಿ, ಅಧಿಕಾರಿಯೊಬ್ಬರು ಸಹಿ ಹಾಕಿದರೆ ಅದು ನಮ್ಮ ಬೇರಿಂಗ್ ಕಾಗದದಂತೆಯೇ ಹೋಗಿ, ಪಡೆದವರು 3 ಸೆಂಟ್ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಬೇರೆಯವರ ಬೇರಿಂಗ್ ಕಾಗದಕ್ಕೆ ಬೀಳುವ ದಂಡ ಇವುಗಳಿಗೆ ಬೀಳುತ್ತಿರಲಿಲ್ಲ ಎಂಬುದೇ ಇಲ್ಲಿನ ರಿಯಾಯಿತಿ. ಈ ಸೌಲಭ್ಯ ಅಧಿಕಾರಿ ವರ್ಗಕ್ಕೆ ಇರಲಿಲ್ಲ, ಅವರು ಚೀಟಿ ಹಚ್ಚಲೇಬೇಕಿತ್ತು. ತಿಂಗಳಿಗೆ 12 ಡಾಲರ್ ಸಂಬಳದ ಹೊಸ ನಾವಿಕನಿಗೆ 3 ಸೆಂಟ್ ದೊಡ್ಡ ಮೊತ್ತವಲ್ಲ. ಉಪ್ಪುಗಾಳಿಯ ತೇವದಲ್ಲಿ ಒಂದಕ್ಕೊಂದು ಅಂಟಿಕೊಳ್ಳುವ ಚೀಟಿಗಳನ್ನು ಹಡಗಿನಲ್ಲಿ ಕಾಪಾಡಿಕೊಳ್ಳುವುದೇ ಕಷ್ಟದ ಕೆಲಸವಾಗಿತ್ತು.

ಹಳೆಯ ಅಂಚೆಚೀಟಿಗಳನ್ನು ಸರ್ಕಾರ ರದ್ದು ಮಾಡಿತಂತೆ, ಹಡಗಿನಲ್ಲಿದ್ದವರ ಗತಿ ಏನು?

ದಕ್ಷಿಣದ ಅಂಚೆ ಕಚೇರಿಗಳಲ್ಲಿ ಉಳಿದಿದ್ದ ಚೀಟಿಗಳನ್ನು ಉತ್ತರಕ್ಕೆ ತಂದು ಮಾರಿ ಹಣ ಮಾಡಿಕೊಳ್ಳದಿರಲೆಂದು, 1861ರ ಆಗಸ್ಟ್‌ನಿಂದ ಹೊಸ ಚೀಟಿಗಳನ್ನು ಹೊರತಂದು ಹಳೆಯವನ್ನು ಅಮಾನ್ಯ ಮಾಡಲಾಯಿತು. ಪ್ರತಿ ಊರಿನಲ್ಲೂ ಬದಲಾಯಿಸಿಕೊಳ್ಳಲು ಕೆಲವೇ ದಿನಗಳ ಗಡುವು ಇತ್ತು. ಸಮುದ್ರದಲ್ಲಿದ್ದವರಿಗೆ ಆ ಗಡುವು ತಿಳಿಯುವ ದಾರಿಯೇ ಇರಲಿಲ್ಲ. ಹಳೆಯ ಚೀಟಿಗೆ ಮಾನ್ಯತೆಯಿಲ್ಲ ಎಂಬ ಅರ್ಥದ ಫಿಲಡೆಲ್ಫಿಯಾದ ಮುದ್ರೆ ಬಿದ್ದ ಲಕೋಟೆಗಳು ಇಂದು ಸಂಗ್ರಾಹಕರ ಬಳಿ ಇವೆ.

ವಿದೇಶದಲ್ಲಿ ಮನೆಯಿರುವ ನಾವಿಕರು ಏನು ಮಾಡುತ್ತಿದ್ದರು?

ಆ ನೌಕಾಪಡೆಯಲ್ಲಿ ಐರ್ಲೆಂಡ್, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಹುಟ್ಟಿದವರು ಬಹಳ ಮಂದಿ ಇದ್ದರು. ಬ್ರಿಟನ್ನಿಗೆ ಅರ್ಧ ಔನ್ಸಿನ ಕಾಗದಕ್ಕೆ 24 ಸೆಂಟ್, ಅಂದರೆ ದೇಶದೊಳಗಿನ ದರದ ಎಂಟು ಪಟ್ಟು. ತೆಳುವಾದ ಕಾಗದದ ಮೇಲೆ ಒತ್ತೊತ್ತಾಗಿ ಬರೆಯುವುದಕ್ಕೆ ಇದೊಂದು ಬಲವಾದ ಕಾರಣ.

ಸಂಬಳದ ಹಣವನ್ನು ಮನೆಗೆ ಕಾಗದದಲ್ಲೇ ಇಟ್ಟು ಕಳುಹಿಸುತ್ತಿದ್ದರೇ?

ಕೆಲವರು ಆ ಅಪಾಯಕ್ಕೂ ಸಿದ್ಧರಿದ್ದರು. ಸಂಬಳದ ಒಂದು ಭಾಗ ನೇರವಾಗಿ ಕುಟುಂಬಕ್ಕೆ ಸಂದಾಯವಾಗುವಂತೆ ಬರೆದುಕೊಡುವ ವ್ಯವಸ್ಥೆ ನೌಕಾಪಡೆಯಲ್ಲಿ ಇತ್ತು, ಬುದ್ಧಿವಂತರು ಅದನ್ನೇ ಬಳಸುತ್ತಿದ್ದರು. ಆಡಮ್ಸ್ ಎಕ್ಸ್‌ಪ್ರೆಸ್‌ನಂಥ ಖಾಸಗಿ ಸಂಸ್ಥೆಗಳು ಹಣ ಮತ್ತು ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದವು. ಅಂಚೆ ಇಲಾಖೆಯ ಮನಿಯಾರ್ಡರ್ ಆರಂಭವಾದದ್ದು 1864ರ ನವೆಂಬರ್ 1ರಂದು, ಯುದ್ಧದ ಕೊನೆಯ ಘಟ್ಟದಲ್ಲಿ. ಅದಕ್ಕೆ ಯುದ್ಧಕಾಲದ ಈ ತೊಂದರೆಯೇ ಮುಖ್ಯ ಪ್ರೇರಣೆ.

## ಬರೆದವರು, ಓದಿದವರು

ಕಾಗದಗಳನ್ನು ಅಧಿಕಾರಿಗಳು ಒಡೆದು ಓದುತ್ತಿದ್ದರೇ?

ಮುಂದಿನ ಶತಮಾನದ ಮಹಾಯುದ್ಧಗಳಲ್ಲಿ ಕಾಣುವಂಥ ವ್ಯವಸ್ಥಿತ ತಪಾಸಣೆ ಒಕ್ಕೂಟದ ನೌಕಾಪಡೆಯಲ್ಲಿ ಇರಲಿಲ್ಲ. ನಾವಿಕರು ಹಡಗಿನ ಜಾಗ, ಫಿರಂಗಿಗಳ ಸಂಖ್ಯೆ, ಮೇಲಧಿಕಾರಿಯ ಮೇಲಿನ ಅಸಮಾಧಾನ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಂದಿನ ನಾವಿಕ ಬದುಕಿನ ಬಗ್ಗೆ ನಮಗೆ ಇಷ್ಟು ತಿಳಿದಿರುವುದಕ್ಕೆ ಈ ಸಡಿಲಿಕೆಯೇ ಕಾರಣ, ಇದಕ್ಕಾಗಿ ನಾನಂತೂ ಕೃತಜ್ಞ.

ಹಡಗು ಯಾವಾಗ ಬರುತ್ತದೆಂದು ತಿಳಿಯದಿದ್ದರೆ ಕಾಗದ ಯಾವಾಗ ಬರೆಯುತ್ತಿದ್ದರು?

ದಿನವೂ ಬರೆಯುತ್ತಿದ್ದರು. ಬಿಳಿ ಹಾಳೆಯನ್ನು ತೆಗೆದಿಟ್ಟು ಇಂದು ಹತ್ತು ಸಾಲು, ನಾಳೆ ನಾಲ್ಕು ಸಾಲು ಸೇರಿಸುತ್ತ, ಟಪಾಲು ಒಯ್ಯುವ ಹಡಗು ಕಣ್ಣಿಗೆ ಬಿದ್ದೊಡನೆ ಮುಗಿಸಿ ಮಡಿಸುತ್ತಿದ್ದರು. ವಿಲಿಯಂ ಕೀಲರ್ ಎಂಬ ವೇತನಾಧಿಕಾರಿ ಮೊದಲು ಮಾನಿಟರ್ ಹಡಗಿನಿಂದ, ಅದು ಮುಳುಗಿದ ಮೇಲೆ ವಿಲ್ಮಿಂಗ್ಟನ್ ಕಾವಲಿನಲ್ಲಿದ್ದ, ದಕ್ಷಿಣದ ದಾಳಿಹಡಗಿನದೇ ಹೆಸರಿನ ಒಕ್ಕೂಟದ ಫ್ಲಾರಿಡಾ ಹಡಗಿನಿಂದ, ಇಲಿನಾಯ್ ರಾಜ್ಯದ ಲಾ ಸಾಲ್ ಊರಿನಲ್ಲಿದ್ದ ಹೆಂಡತಿ ಆ್ಯನಾಗೆ ಬರೆದ ಕಾಗದಗಳು ಈ ಬಗೆಯವು. ದಳಪತಿ ಡು ಪಾಂಟ್ ಕೂಡ ಡೆಲವೇರ್‌ನಲ್ಲಿದ್ದ ಹೆಂಡತಿ ಸೋಫಿಗೆ ದಿನಚರಿಯ ರೂಪದ ಉದ್ದನೆಯ ಕಾಗದಗಳನ್ನು ಬರೆಯುತ್ತಿದ್ದರು. ಸರ್ಕಾರಿ ವರದಿಯಲ್ಲಿ ಹೇಳಲಾಗದ ಸಂಶಯಗಳು, ಚಾರ್ಲ್ಸ್‌ಟನ್ ಮೇಲೆ ಕಬ್ಬಿಣದ ಕವಚದ ಹಡಗುಗಳಿಂದ ದಾಳಿ ಮಾಡುವ ಯೋಜನೆಯ ಬಗ್ಗೆ ಅವರಿಗಿದ್ದ ಆತಂಕ, ಎಲ್ಲವೂ ಆ ಮನೆಯ ಕಾಗದಗಳಲ್ಲಿ ಸಿಗುತ್ತವೆ.

ಓದುಬರಹ ಬಾರದವರು? ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಸೇರಿದವರು?

ಅಕ್ಷರ ಬಾರದವರಿಗೆ ಸಂಗಾತಿಗಳು ಬರೆದುಕೊಡುತ್ತಿದ್ದರು, ಬಂದದ್ದನ್ನು ಓದಿ ಹೇಳುತ್ತಿದ್ದರು. ಒಕ್ಕೂಟದ ನೌಕಾಪಡೆಯಲ್ಲಿ ಸುಮಾರು 18,000 ಕಪ್ಪು ನಾವಿಕರು ದುಡಿದರು. ಅವರಲ್ಲಿ ಗುಲಾಮರಾಗಿದ್ದ ಎಷ್ಟೋ ಜನರ ಕುಟುಂಬಗಳು ದಿಗ್ಬಂಧನದ ಆಚೆ ಬದಿಯಲ್ಲಿ, ಕಣ್ಣಿಗೆ ಕಾಣುವ ದಡದ ಮೇಲೆ ಇದ್ದವು, ಆದರೆ ಅಲ್ಲಿಗೆ ಯಾವ ಟಪಾಲೂ ಹೋಗುತ್ತಿರಲಿಲ್ಲ.

ಇಲ್ಲಿ ವಿಲಿಯಂ ಬಿ. ಗೌಲ್ಡ್ ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ವಿಲ್ಮಿಂಗ್ಟನ್‌ನಲ್ಲಿ ಗುಲಾಮರಾಗಿದ್ದ, ಗಾರೆ ಕೆಲಸ ಬಲ್ಲ ಈ ತರುಣ 1862ರ ಸೆಪ್ಟೆಂಬರ್‌ನಲ್ಲಿ ಸಂಗಡಿಗರೊಂದಿಗೆ ರಾತ್ರೋರಾತ್ರಿ ದೋಣಿಯಲ್ಲಿ ಕೇಪ್ ಫಿಯರ್ ನದಿ ದಾಟಿ ಸಮುದ್ರಕ್ಕೆ ಬಂದು, ಕಾವಲಿನಲ್ಲಿದ್ದ ಕೇಂಬ್ರಿಡ್ಜ್ ಹಡಗನ್ನು ಸೇರಿ, ಅದೇ ಹಡಗಿನ ಸಿಬ್ಬಂದಿಯಾದರು. ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ನಿಷೇಧಿಸಿದ್ದ ರಾಜ್ಯದಿಂದ ಬಂದ ಅವರಿಗೆ ಚೆನ್ನಾಗಿ ಓದಲು ಬರೆಯಲು ಬರುತ್ತಿತ್ತು. ಅವರ ದಿನಚರಿಯಲ್ಲಿ ಯಾರಿಗೆ ಕಾಗದ ಬರೆದೆ, ಯಾರಿಂದ ಕಾಗದ ಬಂತು ಎಂಬ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ನ್ಯಾಂಟಕೆಟ್ ದ್ವೀಪದಲ್ಲಿದ್ದ ಕಾರ್ನೀಲಿಯಾ ರೀಡ್ ಅವರೊಂದಿಗೆ ನಡೆದ ಪತ್ರವ್ಯವಹಾರ 1865ರ ನವೆಂಬರ್‌ನಲ್ಲಿ ಮದುವೆಯಲ್ಲಿ ಕೊನೆಗೊಂಡಿತು. ಕಪ್ಪು ಜನರ ಪತ್ರಿಕೆಯೊಂದಕ್ಕೂ ಅವರು ಕಾವ್ಯನಾಮದಲ್ಲಿ ಬರೆಯುತ್ತಿದ್ದರು. ಒಬ್ಬ ಮನುಷ್ಯ ತನ್ನ ಹೆಸರಿಗೆ ಬಂದ ಕಾಗದವನ್ನು ತಾನೇ ಬಿಡಿಸಿ ಓದುವ ಹಕ್ಕು ಎಷ್ಟು ದೊಡ್ಡದೆಂಬುದನ್ನು ಈ ದಿನಚರಿಯಷ್ಟು ನೇರವಾಗಿ ತಿಳಿಸುವ ದಾಖಲೆಯನ್ನು ನಾನು ಬೇರೆ ಕಂಡಿಲ್ಲ.

## ಆಳಕ್ಕೆ ಇಳಿಯುವವರಿಗೆ

ಮುತ್ತಿಗೆಗೆ ಸಿಕ್ಕ ದಕ್ಷಿಣದವರಿಗೆ ಟಪಾಲು ಹೇಗೆ ಬರುತ್ತಿತ್ತು?

ಒಕ್ಕೂಟದ ಅಂಚೆ ಸೇವೆ 1861ರ ಮೇ ಕೊನೆಗೆ ದಕ್ಷಿಣದಲ್ಲಿ ನಿಂತುಹೋಯಿತು, ಜಾನ್ ರೇಗನ್ ಅವರ ಕೈಕೆಳಗೆ ದಕ್ಷಿಣದ ಸ್ವಂತ ಅಂಚೆ ಇಲಾಖೆ ಕೆಲಸ ಶುರುಮಾಡಿತು. ವಿದೇಶದ ಕಾಗದಗಳು ಬಹಾಮಾಸ್ ದ್ವೀಪಗಳ ನಸ್ಸಾವ್ ಪಟ್ಟಣಕ್ಕೆ ಅಥವಾ ಬರ್ಮುಡಾ ದ್ವೀಪಗಳಿಗೆ ಬಂದು, ಅಲ್ಲಿಂದ ಕಾವಲು ತಪ್ಪಿಸಿ ನುಸುಳುವ ವೇಗದ ಹಡಗುಗಳಲ್ಲಿ ವಿಲ್ಮಿಂಗ್ಟನ್ ಅಥವಾ ಚಾರ್ಲ್ಸ್‌ಟನ್ ಸೇರುತ್ತಿದ್ದವು. ಅಲ್ಲಿ ಹಡಗಿನ ಶುಲ್ಕ 2 ಸೆಂಟ್, ಒಳನಾಡಿನ ದರ 10 ಸೆಂಟ್ ಸೇರಿ 12 ಸೆಂಟ್ ವಸೂಲಾಗುತ್ತಿತ್ತು. ಉತ್ತರ ಮತ್ತು ದಕ್ಷಿಣದ ನಡುವೆ ಬಿಳಿಬಾವುಟದ ಅಡಿಯಲ್ಲಿ ಫೋರ್ಟ್ರೆಸ್ ಮನ್ರೊ ಮೂಲಕ ಸೀಮಿತ ವಿನಿಮಯವಿತ್ತು: ಒಂದೇ ಪುಟ, ಮನೆಯ ವಿಷಯ ಮಾತ್ರ, ಪೂರ್ತಿ ಹೆಸರಿನ ಸಹಿ, ಮತ್ತು ಲಕೋಟೆ ಅಂಟಿಸಿರಬಾರದು. ಹಡಗಿನ ನಾವಿಕನ ಕಾಗದಕ್ಕೆ ಇಲ್ಲದ ತಪಾಸಣೆ ಈ ಕಾಗದಗಳಿಗೆ ಪೂರ್ತಿಯಾಗಿ ಇತ್ತು.

ಸೆರೆಹಿಡಿದ ಹಡಗಿನಲ್ಲಿ ಟಪಾಲು ಚೀಲ ಸಿಕ್ಕರೆ ಅದನ್ನು ಒಡೆಯಬಹುದಿತ್ತೇ?

ಈ ಪ್ರಶ್ನೆ ಲಿಂಕನ್ ಅವರ ಮಂತ್ರಿಮಂಡಲವನ್ನೇ ಇಬ್ಭಾಗ ಮಾಡಿತ್ತು. ಸೆರೆಸಿಕ್ಕ ಹಡಗಿನ ಕಾಗದಪತ್ರಗಳನ್ನೆಲ್ಲ ಸೆರೆಹಡಗುಗಳ ನ್ಯಾಯಾಲಯಕ್ಕೆ ಒಪ್ಪಿಸುವುದು ಹಳೆಯ ಕಡಲ ಕಾನೂನು, ಏಕೆಂದರೆ ಸರಕು ನಿಜವಾಗಿ ಎಲ್ಲಿಗೆ ಹೊರಟಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಆದರೆ ತಟಸ್ಥ ದೇಶದ ಸರ್ಕಾರ ಮೊಹರು ಹಾಕಿದ ಅಂಚೆ ಚೀಲವೂ ಅದರಲ್ಲಿ ಸೇರುತ್ತದೆಯೇ? 1863ರ ಫೆಬ್ರವರಿ 25ರಂದು ಸೇಂಟ್ ಥಾಮಸ್ ದ್ವೀಪದ ಬಳಿ ಬ್ರಿಟಿಷ್ ಉಗಿಹಡಗು ಪೀಟರ್‌ಹಾಫ್ ಸೆರೆಸಿಕ್ಕಾಗ ಅದರಲ್ಲಿ ಮೆಕ್ಸಿಕೊದ ಮಟಮೊರಸ್‌ಗೆ ಹೊರಟ ಬ್ರಿಟಿಷ್ ಅಂಚೆ ಚೀಲ ಇತ್ತು. ಚೀಲವನ್ನು ಒಡೆಯದೆ ಮುಂದಕ್ಕೆ ಕಳುಹಿಸಬೇಕೆಂದು ವಿದೇಶಾಂಗ ಮಂತ್ರಿ ವಿಲಿಯಂ ಸ್ಯೂವರ್ಡ್ ವಾದಿಸಿದರು. ಬ್ರಿಟನ್ ಜೊತೆಗಿನ ಸಂಬಂಧ, 1861ರ ಕೊನೆಯಲ್ಲಿ ಟ್ರೆಂಟ್ ಎಂಬ ಬ್ರಿಟಿಷ್ ಹಡಗಿನಿಂದ ದಕ್ಷಿಣದ ರಾಯಭಾರಿಗಳನ್ನು ಸೆರೆಹಿಡಿದಾಗ ಎದ್ದ ಬಿಕ್ಕಟ್ಟಿನ ನೆನಪು ಅವರ ಮುಂದಿತ್ತು. ಅದು ನ್ಯಾಯಾಲಯದ ಅಧಿಕಾರವನ್ನೇ ಬಿಟ್ಟುಕೊಟ್ಟಂತೆ ಎಂದು ನೌಕಾ ಮಂತ್ರಿ ಗಿಡಿಯನ್ ವೆಲ್ಸ್ ಬಲವಾಗಿ ವಿರೋಧಿಸಿದರು. ಕೊನೆಗೆ ಸ್ಯೂವರ್ಡ್ ಮಾತು ಗೆದ್ದು, ಏಪ್ರಿಲ್‌ನಲ್ಲಿ ಚೀಲ ಒಡೆಯದೆಯೇ ಹಸ್ತಾಂತರವಾಯಿತು.

ಕಾನೂನಿನ ದೃಷ್ಟಿಯಿಂದ ವೆಲ್ಸ್ ವಾದಕ್ಕೆ ತೂಕವಿತ್ತು ಎಂದು ನನಗೆ ಅನಿಸುತ್ತದೆ, ಆದರೆ ಆ ವಸಂತದಲ್ಲಿ ಒಂದು ಚೀಲದ ಕಾಗದಕ್ಕಾಗಿ ಬ್ರಿಟನ್ನನ್ನು ಎದುರು ಹಾಕಿಕೊಳ್ಳುವುದು ವಿವೇಕವಾಗಿರಲಿಲ್ಲ. ಪೀಟರ್‌ಹಾಫ್ ಹಡಗನ್ನು ನೌಕಾಪಡೆ ತಾನೇ ಬಳಸಿಕೊಂಡು, 1864ರ ಮಾರ್ಚ್‌ನಲ್ಲಿ ಅದು ಒಕ್ಕೂಟದ ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಮಟಮೊರಸ್ ತಟಸ್ಥ ಬಂದರು, ಅಲ್ಲಿಗೆ ಹೋಗುವುದು ದಿಗ್ಬಂಧನದ ಉಲ್ಲಂಘನೆಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಯುದ್ಧ ಮುಗಿದ ಮೇಲೆ.

ಈ ದಿಗ್ಬಂಧನಕ್ಕೂ ನಮ್ಮ ಧಾರವಾಡದ ಹತ್ತಿಗೂ ಸಂಬಂಧ ಇದೆ ಅಂತಾರಲ್ಲ, ನಿಜವೇ?

ಟಪಾಲಿನ ಮೂಲಕ ಅಲ್ಲದಿದ್ದರೂ ಹತ್ತಿಯ ಮೂಲಕ ನಿಜ. ಅಮೆರಿಕದ ಹತ್ತಿ ನಿಂತು ಲ್ಯಾಂಕಷೈರ್ ಗಿರಣಿಗಳು ಬರಿದಾದಾಗ ಮುಂಬಯಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅದಕ್ಕೂ ಮೊದಲೇ ಅಮೆರಿಕದ ತಳಿಯನ್ನು ಬೆಳೆಯಲು ಕಲಿತಿದ್ದ ಧಾರವಾಡ ಪ್ರಾಂತ್ಯದ ಹತ್ತಿಗೆ ವಿಶೇಷ ಬೇಡಿಕೆ ಇತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ, ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಯೋಜನೆ ಹೊರಟದ್ದು ಇದೇ ಸಂದರ್ಭದಲ್ಲಿ. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು.

ಹಳೆಯ ಲಕೋಟೆಯೊಂದು ದಿಗ್ಬಂಧನದ ಹಡಗಿನದ್ದೇ ಎಂದು ಗುರುತಿಸುವುದು ಹೇಗೆ?

ಮೊದಲು ಮುದ್ರೆಯನ್ನು ನೋಡಬೇಕು. ಯುದ್ಧನೌಕೆಗಳಿಂದ ಬಂದ ಚೀಟಿಯಿಲ್ಲದ ಕಾಗದಗಳ ಮೇಲೆ ಉತ್ತರದ ದೊಡ್ಡ ಬಂದರುಗಳಲ್ಲಿ ‘ಯು.ಎಸ್. ಷಿಪ್’ ಎಂಬ ಮುದ್ರೆಯನ್ನೂ, ವಸೂಲಾಗಬೇಕಾದ 3 ಸೆಂಟಿನ ಗುರುತನ್ನೂ ಹಾಕುತ್ತಿದ್ದರು. ಪೋರ್ಟ್ ರಾಯಲ್, ಕೀ ವೆಸ್ಟ್, ಓಲ್ಡ್ ಪಾಯಿಂಟ್ ಕಂಫರ್ಟ್ (ಫೋರ್ಟ್ರೆಸ್ ಮನ್ರೊದ ಅಂಚೆ ಕಚೇರಿ) ಮುದ್ರೆಗಳಿದ್ದರೆ ಅಷ್ಟರಿಂದಲೇ ತೀರ್ಮಾನಿಸಬಾರದು, ಏಕೆಂದರೆ ಆ ಕಚೇರಿಗಳನ್ನು ಸೇನೆಯವರೂ ಬಳಸುತ್ತಿದ್ದರು. ಅಧಿಕಾರಿಯ ಸಹಿ ಮತ್ತು ಹಡಗಿನ ಹೆಸರು ಇದ್ದರೆ ಸಂಶಯ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಮುದ್ರೆಯಲ್ಲಿ ಎಷ್ಟೋ ವೇಳೆ ವರ್ಷ ಇರುವುದಿಲ್ಲ. ಆಗ ಹಡಗಿನ ದಾಖಲೆ ಪುಸ್ತಕದೊಂದಿಗೆ ಹೋಲಿಸಿ, ಆ ತಿಂಗಳು ಆ ಹಡಗು ಯಾವ ಕಾವಲಿನಲ್ಲಿತ್ತು, ಸರಬರಾಜು ಹಡಗು ಎಂದು ಬಂದು ಹೋಯಿತು ಎಂಬುದನ್ನು ಹುಡುಕಬೇಕು. ಅಮೆರಿಕದ ಯುದ್ಧನೌಕೆಗಳ ಅಂದಿನ ದಾಖಲೆ ಪುಸ್ತಕಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮುಖ್ಯವಾಗಿ, ಒಳಗೆ ಕಾಗದವಿದ್ದರೆ ಅದನ್ನು ಲಕೋಟೆಯಿಂದ ಬೇರೆ ಮಾಡಿ ಮಾರುವ ಕೆಲಸ ದಯವಿಟ್ಟು ಯಾರೂ ಮಾಡಬಾರದು. ಲಕೋಟೆ ಕಾಗದದ ದಾರಿ ಹೇಳುತ್ತದೆ, ಕಾಗದ ಲಕೋಟೆಯ ತಾರೀಖು ಹೇಳುತ್ತದೆ; ಒಂದನ್ನು ಕಳೆದುಕೊಂಡರೆ ಇನ್ನೊಂದರ ಸಾಕ್ಷ್ಯ ಅರ್ಧವಾಗುತ್ತದೆ.